ತಾಸಿಯಾಲೂಕಿನ ಹಸಿರು ಕಾಗದ

ಮಂಜುಗಡ್ಡೆಗೆ ಕಿಂಡಿ ಕೊರೆಯುವುದರಲ್ಲಿ ಉತ್ತಾಕನನ್ನು ಮೀರಿಸುವವರು ನಮ್ಮೂರಿನಲ್ಲಿ ಇರಲಿಲ್ಲ. ಆಳೆತ್ತರದ ಗಡ್ಡೆಗೆ ಬೈರಿಗೆ ಇಟ್ಟನೆಂದರೆ, ಪಕ್ಕದಲ್ಲಿ ನಿಂತವರು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ನೀರು ಬುಳಬುಳನೆ ಮೇಲೆ ಬರುತ್ತಿತ್ತು. ಕಿಂಡಿಯ ಅಂಚಂತೂ ಬಟ್ಟಲಿನ ಬಾಯಿಯ ಹಾಗೆ ನುಣ್ಣಗೆ. ಉತ್ತರಧ್ರುವದ ಕಡೆಗಿರುವ ಬಾಫಿನ್ ದ್ವೀಪದ ಈ ತುದಿಯಲ್ಲಿ ಅದೇನು ಸಣ್ಣ ವಿದ್ಯೆಯಲ್ಲ. ಅಂಥ ಒಂದು ಕಿಂಡಿಯೇ ಕೊನೆಗೆ ಅವನ ಮಾನ ತೆಗೆಯಿತು. ಕಿಂಡಿಯನ್ನು ದೂರುವುದೂ ತಪ್ಪೇ. ಮಾನವನ್ನು ಅದರೊಳಗೆ ಕೈಯಾರೆ ಇಳಿಬಿಟ್ಟವನು ಅವನೇ.

ಅವನು ಹುಟ್ಟುವ ಕೆಲವೇ ತಿಂಗಳ ಹಿಂದೆ ತಾತ ತೀರಿಕೊಂಡಿದ್ದ. ತಾತನ ಹೆಸರು ಉತ್ತಾಕ್. ಮಗುವಿಗೂ ಅದೇ ಹೆಸರಾಯಿತು. ನಮ್ಮ ಜನರಲ್ಲಿ ಹೆಸರು ಬಂದರೆ ಜೊತೆಗೆ ನಂಟೂ ಬರುತ್ತದೆ. ತಾತನ ಮಗಳು ಅಲಾಸಿ, ಅಂದರೆ ಇವನ ಸೋದರತ್ತೆ, ಅಂದಿನಿಂದ ಇವನನ್ನು "ಅಪ್ಪಾ" ಎಂದೇ ಕರೆಯತೊಡಗಿದಳು. "ಅಪ್ಪಾ, ಮೂಗು ಒರೆಸ್ಕೋ", "ಅಪ್ಪಾ, ಇವತ್ತೂ ಹಾಸಿಗೇಲೇ ಉಚ್ಚೆ ಹುಯ್ಕೊಂಡ್ಯಾ?" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳಂತೆ. ಈಗ ಅವಳಿಗೆ ಎಂಬತ್ತನಾಲ್ಕು, ಇವನಿಗೆ ಅರವತ್ತೊಂದು. ಕರೆಯುವುದು ಈಗಲೂ ಹಾಗೆಯೇ.

ಆರು ವರ್ಷದವನಿದ್ದಾಗ ತಾಸಿಯಾಲೂಕ್ ಸರೋವರದ ಗಡ್ಡೆಯ ಮೇಲೆ ಹೊಟ್ಟೆಯೂರಿ ಮಲಗಿ, ಕಿಂಡಿಯಿಂದ ತನ್ನ ಮೊದಲ ಮೀನನ್ನು ಎಳೆದುಹಾಕಿದ. ಕೆಂಪು ಹೊಟ್ಟೆಯ ಚಾರ್ ಮೀನು. ಅತ್ತೆ ಅದನ್ನು ಸೀಳಿ, ಕರುಳನ್ನು ಅವನ ಎರಡೂ ಅಂಗೈಗೆ ಹಾಕಿದಳು.

"ಇದು ಸರೋವರದ್ದು, ನಮ್ದಲ್ಲ. ಹೆಪ್ಪುಗಟ್ಟೋ ಮುಂಚೆ ಅದೇ ಕಿಂಡೀಲಿ ವಾಪಸ್ ಕೊಟ್ಬಿಡ್ಬೇಕು. ನೀನೇ ಅಲ್ವಾ ಅಪ್ಪಾ ನಂಗೆ ಕಲಿಸಿದ್ದು? ಮರ್ತೇಬಿಟ್ಯಾ?"

ಆ ಮನೆತನದ ಪದ್ಧತಿ ಅದು. ಎಲ್ಲರೂ ಹಾಗೆ ಮಾಡುತ್ತಿರಲಿಲ್ಲ. ಉತ್ತಾಕ್ ಮಾತ್ರ ಐವತ್ತೈದು ವರ್ಷ ಒಂದು ಸಲವೂ ತಪ್ಪಿಸಲಿಲ್ಲ. ಸೀಲ್ ಬೇಟೆಯಾಡಿದ, ಹಡಗು ಬಂದಾಗ ಮೂಟೆ ಇಳಿಸಿದ, ಹದಿನಾಲ್ಕು ವರ್ಷ ಮನೆಮನೆಗೆ ನೀರು ಕೊಡುವ ಲಾರಿ ಓಡಿಸಿದ, ತಪೀಸಾಳನ್ನು ಮದುವೆಯಾಗಿ ಅವಳ ಬೈಗುಳಕ್ಕೆ ಒಗ್ಗಿಕೊಂಡ. ಮೀನು ಸಿಕ್ಕಿದ ದಿನ ಊರಿನ ರೇಡಿಯೋಗೆ ಫೋನು ಮಾಡಿ, "ಉತ್ತಾಕ್ ಮಾತಾಡ್ತಿರೋದು. ಮೀನು ತಂದಿದ್ದೀನಿ. ಪಾತ್ರೆ ತಗೊಂಡು ಬನ್ನಿ" ಎನ್ನುತ್ತಿದ್ದ. ಅಷ್ಟು ಸಾಕು, ಅರ್ಧ ಗಂಟೆಯಲ್ಲಿ ಜಾರುಬಂಡಿ ಖಾಲಿ.

ಕಾರಿನ್ ಬಂದದ್ದು ಲಾರಿಯ ಕೆಲಸ ಬಿಟ್ಟ ವರ್ಷ. ದಕ್ಷಿಣದ ಯಾವುದೋ ವಿಶ್ವವಿದ್ಯಾಲಯದವಳು, ಮೂವತ್ತು ದಾಟಿರಲಿಲ್ಲ. ತಾಸಿಯಾಲೂಕಿನ ನೀರಿನಲ್ಲಿರುವ ಕಣ್ಣಿಗೆ ಕಾಣದ ಗಿಡಗಳನ್ನು ಎಣಿಸಲು ಬಂದಿದ್ದೇನೆ ಎಂದಳು. ಉತ್ತಾಕ್ ನಕ್ಕುಬಿಟ್ಟ.

"ಆ ನೀರಲ್ಲಿ ಏನೂ ಇಲ್ಲ ಮಗಳೇ. ತಳದ ಕಲ್ಲು ಕಾಣ್ಸುತ್ತೆ."

"ಏನೂ ಇಲ್ಲದ ಕಡೆ ಹೇಗೆ ಬದುಕ್ತಾರೆ ಅಂತ ನೋಡೋಕೇ ಬಂದಿದ್ದೀನಿ" ಎಂದಳು ಅವಳು. ಆ ಮಾತು ಇವನಿಗೆ ಹಿಡಿಸಿತು.

ಅವಳು ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಉತ್ತಾಕನಿಗೆ ಮೊದಲು ತನ್ನ ರೆಪ್ಪೆಗೂದಲೇ ಕಂಡಿತು. ಆಮೇಲೆ, ಚಿನ್ನದ ಬಣ್ಣದ ಒಂದು ಕಾಳು, ಬಾಲದಂಥ ಎಳೆಯನ್ನು ಬೀಸುತ್ತ, ಯಾರೋ ಕರೆದಂತೆ ಒಂದೇ ಕಡೆಗೆ ಹೊರಟಿತ್ತು. ಅದರಾಚೆ ಗಾಜಿನ ಡಬ್ಬಿಯಂಥದ್ದೊಂದು. ಅಷ್ಟೇ. ಇಡೀ ಹನಿಯಲ್ಲಿ ಇಬ್ಬರೇ ಇಬ್ಬರು. ಒಂಬತ್ತು ತಿಂಗಳು ಗಡ್ಡೆಯಡಿ, ಅದರಲ್ಲೂ ಮೂರು ತಿಂಗಳು ಸೂರ್ಯನೇ ಇಲ್ಲದೆ, ತಿನ್ನಲು ಉಪ್ಪಿನಷ್ಟೂ ಸಾರವಿಲ್ಲದ ನೀರಿನಲ್ಲಿ ಇವು ಬದುಕುತ್ತವೆ ಎಂದಳು ಕಾರಿನ್. ಉತ್ತಾಕ್ ಅವುಗಳಿಗೆ "ಚಿಕ್ಕೋರು" ಎಂದು ಹೆಸರಿಟ್ಟ. ಅಂಗಡಿಯಲ್ಲಿ ಸಿಕ್ಕಿದವರಿಗೆಲ್ಲ ಚಿಕ್ಕೋರ ಸುದ್ದಿ ಹೇಳಿ ಹೇಳಿ ಜನರ ತಲೆ ತಿಂದ.

ವಸಂತದ ಹತ್ತು ವಾರ, ವಾರಕ್ಕೊಮ್ಮೆ ನೀರು ತೆಗೆದು ಸೋಸುವ ಕೆಲಸ ಅವನದಾಯಿತು. ಕಾರಿನ್ ಕಟ್ಟಳೆಗಳನ್ನು ಬರೆದೇ ಕೊಟ್ಟಳು. ಪ್ರತಿ ಸಲವೂ ಹೊಸ ಕಿಂಡಿ, ಹಿಂದಿನದಕ್ಕಿಂತ ಐವತ್ತು ಹೆಜ್ಜೆ ದೂರ. ಕಿಂಡಿಯ ಹತ್ತಿರ ಮೀನು ಹಿಡಿಯಬಾರದು, ಕೊಯ್ಯಬಾರದು. ಬಾಟಲಿಗೆ ಬಿಸಿಲು ತಾಗಬಾರದು. ಮನೆಗೆ ತಂದು, ನಾಣ್ಯದಗಲದ ಬಿಳಿ ಸೋಸುಕಾಗದದ ಮೂಲಕ ಕೈಪಂಪಿನಿಂದ ನೀರೆಳೆದು, ಚಿಕ್ಕೋರು ಅಂಟಿಕೊಂಡ ಆ ಕಾಗದವನ್ನು ಮಡಚಿ ತಣ್ಣಗಿಡಬೇಕು.

ಮೊದಲ ವರ್ಷ ಅಕ್ಷರ ತಪ್ಪದಂತೆ ನಡೆದುಕೊಂಡ. ಎರಡನೆಯ ವರ್ಷ ಸೊಂಟ ಹಿಡಿದುಕೊಂಡಿತು. ಕೊಲ್ಲಿಯಂತೆ ಒಳಗೆ ಚಾಚಿದ ಮೂಲೆಯೊಂದರಲ್ಲಿ ಹಿಂದಿನ ವಾರದ ಕಿಂಡಿಯ ಮೇಲೆ ಗೇಣುದ್ದ ಹೊಸ ಗಡ್ಡೆಯಷ್ಟೇ ಕಟ್ಟಿತ್ತು. ಬೈರಿಗೆ ಅಲ್ಲಿಗೇ ಇಟ್ಟ. ಒಂದು ಸಲ ತಾನೇ, ಎಂದುಕೊಂಡ. ಬಾಟಲಿ ತುಂಬಿಸಿ ಪೆಟ್ಟಿಗೆಗೆ ಹಾಕಿದ ಮೇಲೆ, ತೆರೆದ ಕಿಂಡಿಯನ್ನು ಸುಮ್ಮನೆ ಬಿಟ್ಟು ಹೋಗುವುದು ಹೇಗೆ? ಗಾಳ ಇಳಿಬಿಟ್ಟ. ಆ ಮೂಲೆಯಲ್ಲಿ ಮೀನೋ ಮೀನು. ಮೂವತ್ತು, ನಲವತ್ತು. ಕೊಯ್ದು, ಕರುಳನ್ನೆಲ್ಲ ಅದೇ ಕಿಂಡಿಯಲ್ಲಿ ಸರೋವರಕ್ಕೆ ಹಿಂದಿರುಗಿಸಿದ. ಕಾರಿನ್ನಳ ಕೆಲಸ ಮುಗಿದಿದೆ, ಇನ್ನುಳಿದದ್ದು ನನ್ನ ಮತ್ತು ಸರೋವರದ ವ್ಯವಹಾರ ಎಂಬುದು ಅವನ ಲೆಕ್ಕ. ಮುಂದಿನ ವಾರವೂ ಅಲ್ಲೇ. ಅದರ ಮುಂದಿನ ವಾರವೂ. ಹೀಗೆ ನಾಲ್ಕು ವಸಂತ ಕಳೆಯಿತು.

ಮೊದಲೆಲ್ಲ ಸೋಸಿದ ಮೇಲೂ ಕಾಗದ ಹೊಸದರಷ್ಟೇ ಬಿಳಿಯಾಗಿರುತ್ತಿತ್ತು. ಮೂರನೆಯ ವರ್ಷ ತೆಳು ಕಂದು. ನಾಲ್ಕನೆಯ ವರ್ಷ ಹಸಿರಿನ ನೆರಳು. ಐದನೆಯ ವರ್ಷದ ಒಂದು ಕಾಗದವನ್ನು ತಪೀಸಾಳ ಮುಂದೆ ಹಿಡಿದು, "ನೋಡು, ಚಿಕ್ಕೋರು ಸಂಸಾರ ಬೆಳೆಸಿದ್ದಾರೆ" ಎಂದ.

"ನೀರು ತಂದೋನು ನೀನು. ಮೀಸೆ ತಿರುವೋದೂ ನೀನೇನಾ?" ಎಂದಳು ತಪೀಸಾ.

ಹೌದು, ಅವನಿಗೆ ಹೆಮ್ಮೆಯಾಗಿತ್ತು. ಬೇರೆಲ್ಲ ಮರೆತರೂ ಆ ಹೆಮ್ಮೆಯನ್ನು ನೆನೆದಾಗ ಈಗಲೂ ಅವನ ಕಿವಿ ಕೆಂಪಾಗುತ್ತದೆ.

ಮರುವರ್ಷದ ವಸಂತದ ಆರಂಭಕ್ಕೇ ಕಾರಿನ್ ಬಂದಿಳಿದಳು. ಊರಿನ ಸಭಾಭವನದಲ್ಲಿ ಎಲ್ಲರನ್ನೂ ಸೇರಿಸಿ, ಚಹಾ ಮತ್ತು ಬಾನಕ್ ರೊಟ್ಟಿ ಹಂಚಿ, ಗೋಡೆಯ ಮೇಲೆ ಚಿತ್ರ ಬೀಳಿಸಿದಳು. ನಾಲ್ಕು ವರ್ಷದಿಂದ ಏರುತ್ತಲೇ ಹೋದ ಒಂದು ಗೆರೆ. ತಾಸಿಯಾಲೂಕ್ ಹಸಿರಾಗುತ್ತಿದೆ, ಎಲ್ಲಿಂದಲೋ ಅದಕ್ಕೆ ಆಹಾರ ಬರುತ್ತಿದೆ, ಬಹುಶಃ ಸದಾ ಹೆಪ್ಪುಗಟ್ಟಿದ್ದು ಈಗ ಕರಗುತ್ತಿರುವ ನೆಲದಿಂದ ಎಂದಳು. ಈ ಗೆರೆಯ ಮೇಲೆ ಅವಳು ಒಂದು ದೊಡ್ಡ ಪ್ರಬಂಧವನ್ನೇ ಬರೆದು ಮುಗಿಸಿದ್ದಳು.

"ಈ ಸರೋವರ ಎಷ್ಟು ಹಸಿದಿದೆ ಅಂದ್ರೆ," ಎಂದು ನಗುತ್ತ ಸೇರಿಸಿದಳು, "ಒಂದೇ ಒಂದು ಮೀನಿನ ಕರುಳು ಬಿದ್ರೂ ಇಲ್ಲಿರೋ ಗಿಡಗಳಿಗೆ ಹಬ್ಬ."

ಜನ ನಕ್ಕರು. ಉತ್ತಾಕನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಒಂದು ಮೀನಿನ ಕರುಳು! ಅವನು ಹಾಕಿದ್ದು ಸಾವಿರಕ್ಕೂ ಮಿಕ್ಕಿ.

"ಇದೆಲ್ಲ ಉತ್ತಾಕ್ ಅವರ ದುಡಿಮೆ. ನಾನು ಹೇಳಿದ ಹಾಗೇ ಮಾಡಿದ್ದೀರಿ ತಾನೇ, ಒಂದು ವಾರವೂ ಬಿಡದೆ?" ಎಂದು ಕಾರಿನ್ ಎಲ್ಲರ ಮುಂದೆ ಅವನತ್ತ ತಿರುಗಿದಳು.

ನಮ್ಮಲ್ಲಿ ಹುಬ್ಬು ಮೇಲೆತ್ತಿದರೆ ಹೌದು ಎಂದರ್ಥ, ಮೂಗು ಸುಕ್ಕಿಸಿದರೆ ಇಲ್ಲ. ಕಾರಿನ್ನಳಿಗೂ ಅದು ಗೊತ್ತಿತ್ತು. ಉತ್ತಾಕ್ ಹುಬ್ಬು ಎತ್ತಿದ.

ಜನ ಚಪ್ಪಾಳೆ ತಟ್ಟಿದರು. ನನ್ನ ಬಾಯಿಂದ ಒಂದು ಸುಳ್ಳೂ ಬರಲಿಲ್ಲವಲ್ಲ, ಎಂದು ಮನೆಗೆ ನಡೆಯುವಾಗ ತನಗೆ ತಾನೇ ಹೇಳಿಕೊಂಡ. ಹುಬ್ಬೂ ತನ್ನದೇ ಮುಖದ ಮೇಲಿದೆ ಎಂಬುದು ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಹೊಳೆಯಿತು.

ತಪೀಸಾ ಒಲೆಯ ಮುಂದೆ ನಿಂತೇ ಕೇಳಿದಳು. "ಒಂದು ಮೀನಿನ ಕರುಳು ಅಂದ್ಳಲ್ಲ ಆ ಹುಡುಗಿ. ನೀನೆಷ್ಟು ಹಾಕಿದ್ದೀಯ?"

"ಸುಮ್ನಿರು."

"ನಾನು ಸುಮ್ನಿರ್ತೀನಿ. ನಿನ್ ಕೈಲಾಗುತ್ತಾ ನೋಡೋಣ."

ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಬೈದಿದ್ದರೆ ಅವನು ತಿರುಗಿಸಿ ಬೈದು ಹಗುರಾಗುತ್ತಿದ್ದ. ಆ ದಾರಿಯೂ ಇಲ್ಲದಂತಾಯಿತು.

ಮೂರನೆಯ ದಿನ ಊರಿನ ಆಡಳಿತ ರೇಡಿಯೋದಲ್ಲಿ ಒಂದು ಪ್ರಕಟಣೆ ಓದಿಸಿತು. ನೀರಿನ ಪರೀಕ್ಷೆ ಮುಗಿದು ದಕ್ಷಿಣದಿಂದ ವರದಿ ಬರುವವರೆಗೆ ಯಾರೂ ತಾಸಿಯಾಲೂಕಿನ ಗಡ್ಡೆಯನ್ನು ಕುಡಿಯಲು ತರಬಾರದು. ಕಿರಿಯರು ಹೆಗಲು ಕುಣಿಸಿ ಸುಮ್ಮನಾದರು, ಅವರಿಗೆ ಲಾರಿ ತಂದು ತುಂಬುವ ನಲ್ಲಿಯ ನೀರೇ ಸಾಕು. ಹಿರಿಯರು ಮಾತ್ರ ಹುಟ್ಟಿದಾಗಿನಿಂದ ಆ ಗಡ್ಡೆ ಕರಗಿಸಿದ ಚಹಾವನ್ನೇ ಕುಡಿದವರು. ಅಲಾಸಿಯ ಮನೆ ಬಾಗಿಲ ಪಕ್ಕದ ಹಲಗೆಯ ಮೇಲೆ ಗಡ್ಡೆಯ ತುಂಡುಗಳನ್ನು ಜೋಡಿಸಿಡುತ್ತಿದ್ದವನು ಉತ್ತಾಕನೇ. ಈಗ ಆ ಹಲಗೆ ಖಾಲಿ.

ವಾರ ಕಳೆದು ಅತ್ತೆಯನ್ನು ನೋಡಲು ಹೋದ. ಅವಳು ಲೋಟವನ್ನು ಮೂಸಿ, ಮುಖ ಕಿವುಚಿ, ಬಚ್ಚಲಿಗೆ ಸುರಿದಳು.

"ನಿನ್ನ ಲಾರಿ ನೀರು ನೋಡಪ್ಪಾ. ಔಷಧಿ ವಾಸ್ನೆ. ಬಟ್ಟೆ ಒಗೀಬಹುದು, ಚಾ ಮಾಡೋಕಾಗಲ್ಲ."

"ಇನ್ನೊಂದ್ ಸ್ವಲ್ಪ ದಿನ, ಅತ್ತೆ."

ಅವಳು ತೆಳ್ಳಗಾಗಿದ್ದಳು, ತುಟಿ ಒಡೆದಿತ್ತು. ಚಹಾ ಬಿಟ್ಟಿದ್ದಳು, ನೀರನ್ನೂ ಅಷ್ಟಕ್ಕಷ್ಟೇ ಕುಡಿಯುತ್ತಿದ್ದಳು. ಆದರೆ ಅವಳ ಚಿಂತೆ ಬೇರೆಯೇ ಇತ್ತು.

"ಅಪ್ಪಾ, ಒಂದ್ಮಾತು. ಯಾರಿಗೂ ಹೇಳಿರ್ಲಿಲ್ಲ. ನಂಗೆ ಹನ್ನೆರಡು ವರ್ಷ. ಮೊದಲ್ನೇ ಸಲ ರಕ್ತ ಕಂಡಾಗ, ಅವ್ವ ಬೈತಾಳೆ ಅಂತ ಹೆದರ್ಕೊಂಡು, ಒಳಗಿನ ಬಟ್ಟೆ ತಾಸಿಯಾಲೂಕಲ್ಲೇ ತೊಳೆದುಬಿಟ್ಟೆ. ಕುಡಿಯೋ ನೀರಲ್ಲಿ. ಆಗಿನ ಕಾಲ್ದಲ್ಲಿ ಅದು ದೊಡ್ಡ ತಪ್ಪು. ಈಗ ಸರೋವರ ಕೆಟ್ಟಿದೆ ಅಂತಿದ್ದಾರೆ. ನನ್ನಿಂದ್ಲೇನೋ."

"ಅಲ್ಲ ಅತ್ತೆ! ಅದ್ಕೂ ಇದ್ಕೂ ಏನು ಸಂಬಂಧ?"

"ನಿಂಗೇನು ಗೊತ್ತು? ಹಿಂದೆ ಬೇಟೆ ಸಿಗ್ದೇ ಹೋದ್ರೆ ಎಲ್ರೂ ಒಂದ್ಕಡೆ ಕೂತು, ತಂತಮ್ಮ ತಪ್ಪು ಬಾಯ್ಬಿಟ್ಟು ಹೇಳೋರು. ಹೇಳಿದ್ಮೇಲೇ ಸರಿಹೋಗೋದು. ನಾಳೆ ರೇಡಿಯೋದಲ್ಲಿ ಹೇಳ್ಬಿಡ್ತೀನಿ. ಸಾಯೋ ವಯಸ್ಸಲ್ಲಿ ನಂಗೇನು ನಾಚಿಕೆ?" ಎಂದಳು. ಹಾಗೆಂದವಳು ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ನಾಚಿಕೆ ಅವಳಿಗೆ ಇತ್ತು, ಎಪ್ಪತ್ತೆರಡು ವರ್ಷದ ನಾಚಿಕೆ.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಎದುರಿಗೆ ಅತ್ತೆ, ಬೇರೆ ಯಾರೂ ಇಲ್ಲ. ಉತ್ತಾಕ್ ಬಾಯಿ ತೆರೆದ. "ಸೊಂಟ ನೋವು, ಬರ್ತೀನಿ" ಎಂಬುದಷ್ಟೇ ಹೊರಗೆ ಬಂತು. ಎದ್ದುಬಂದ. ನಾನು ಇದನ್ನು ಬರೆಯುವಾಗ ಅವನ ಪರ ವಹಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ, ಆದರೆ ಆ ಬಾಗಿಲು ದಾಟಿದ್ದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಅವನಲ್ಲೂ ಇಲ್ಲ.

ಮರುದಿನ ಮಧ್ಯಾಹ್ನ, ಊಟದ ಹೊತ್ತಿನ ರೇಡಿಯೋ. ಊರಿನ ಪ್ರತಿ ಅಡುಗೆಮನೆಯಲ್ಲೂ ಅದು ಹಾಡುತ್ತಿರುತ್ತದೆ. ಯಾರದೋ ಹುಟ್ಟುಹಬ್ಬ, ಯಾರೋ ಕಳೆದುಕೊಂಡ ಕೈಚೀಲ. ಆಮೇಲೆ ರೇಡಿಯೋ ನಡೆಸುವ ಜೋಯೆಲಿ, "ಅಲಾಸಿ ಅಜ್ಜಿ ಫೋನಲ್ಲಿದ್ದಾರೆ, ಹೇಳಿ ಅಜ್ಜಿ" ಎಂದ.

"ನಾನು ಅಲಾಸಿ ಮಾತಾಡೋದು. ತಾಸಿಯಾಲೂಕಿನ ವಿಷ್ಯ. ನಾನು ಹುಡುಗಿಯಾಗಿದ್ದಾಗ..." ಎಂದವಳು, ಮೊದಲು ಆಗಿನ ಕಾಲದ ಕಟ್ಟಳೆಗಳನ್ನು ಒಂದೊಂದಾಗಿ ಹೇಳತೊಡಗಿದಳು.

ಉತ್ತಾಕ್ ಫೋನೆತ್ತಿದ. ಲೈನಿನಲ್ಲಿ ಅತ್ತೆಯೇ ಇದ್ದಾಳೆ, ಇವನಿಗೆಲ್ಲಿ ಸಿಗಬೇಕು? ತಪೀಸಾ ಒಲೆಯ ಕಡೆಗೇ ಮುಖಮಾಡಿ ನಿಂತಿದ್ದಳು. ಅವನು ಕಾಲುಚೀಲದಲ್ಲೇ ಹೊರಬಿದ್ದ. ಅಂಗಡಿಯ ಮಗ್ಗುಲಿನ ರೇಡಿಯೋ ಕೋಣೆಗೆ ಎರಡು ನೂರು ಹೆಜ್ಜೆ. ಹಿಮದಲ್ಲಿ ಜಾರಿ ಒಮ್ಮೆ ಮಂಡಿಯೂರಿ ಬಿದ್ದ. ಒಳನುಗ್ಗಿ, ಜೋಯೆಲಿಯನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿ ಮೈಕಿನ ಮುಂದೆ ಬಗ್ಗಿದ.

"ಅತ್ತೆ, ಸಾಕು. ನೀನು ಏನೂ ಹೇಳ್ಬೇಡ." ಏದುಸಿರು ಬಿಡುತ್ತಿದ್ದ. "ನಾನು ಉತ್ತಾಕ್. ತಪ್ಪು ನಂದು. ಕಾರಿನ್ನು ವಾರಕ್ಕೊಂದು ಹೊಸ ಕಿಂಡಿ ಕೊರಿ ಅಂದಿದ್ಲು. ಹೋದ ನಾಲ್ಕು ವಸಂತ ನಾನು ಕೊರೀಲಿಲ್ಲ. ಒಂದೇ ಕಿಂಡೀಲಿ ನೀರೂ ತೆಗ್ದೆ, ಮೀನೂ ಹಿಡ್ದೆ, ಕರುಳೂ ಹಾಕ್ದೆ. ಹಸಿರಾಗಿರೋದು ಸರೋವರ ಅಲ್ಲ, ನನ್ನ ಕಿಂಡಿ. ಅವಳು ಎಲ್ರ ಮುಂದೆ ಕೇಳಿದಾಗ ಹುಬ್ಬು ಎತ್ತಿದೆ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ನಂಗೆ ನಾಚಿಕೆ ಆಗ್ತಿದೆ. ಅತ್ತೆ ನೀರು ಕುಡೀದೆ ಕೂತಿದ್ದಾಳೆ, ನಾನು ನೋಡ್ಕೊಂಡು ಬಂದೆ. ಅದಕ್ಕಿನ್ನೂ ಹೆಚ್ಚು ನಾಚಿಕೆ."

ಜೋಯೆಲಿ ಒಂದು ಹಾಡು ಹಾಕಿ ಅವನನ್ನು ಕಾಪಾಡಬಹುದಿತ್ತು, ಕೈ ಬರಲಿಲ್ಲ. ಫೋನಿನ ಲೈನು ತೆರೆದೇ ಇತ್ತು. ಅಲಾಸಿಯ ಉಸಿರು ಎಲ್ಲರಿಗೂ ಕೇಳುತ್ತಿತ್ತು.

"ಅಪ್ಪಾ," ಎಂದಳು ಕೊನೆಗೆ. "ಕರುಳು ವಾಪಸ್ ಕೊಡೋದು ಕಲಿಸಿದ್ದು ನಾನು. ಅದು ತಪ್ಪಲ್ಲ. ಸೊಂಟ ನೋವೂ ತಪ್ಪಲ್ಲ. ಹುಬ್ಬು ಎತ್ತಿದ್ದು ತಪ್ಪು." ಅದೇ ಉಸಿರಿನಲ್ಲಿ, "ಕಾಲಿಗೆ ಏನಾದ್ರೂ ಹಾಕ್ಕೊಂಡು ಬಂದಿದ್ದೀಯೋ ಇಲ್ವೋ?" ಎಂದಳು.

ಅವನು ಕಾಲು ನೋಡಿಕೊಂಡು ಅಳತೊಡಗಿದ. ಅದೂ ಪ್ರಸಾರವಾಯಿತು.

ರೇಡಿಯೋದ ನಮ್ಮ ಭಾಷೆ ಬಾರದ ಕಾರಿನ್, ಅತಿಥಿಗೃಹದ ಅಡುಗೆಯವಳಿಂದ ಮಾತು ಮಾತಾಗಿ ಅರ್ಥ ಕೇಳಿ ತಿಳಿದುಕೊಂಡು, ಸಂಜೆ ಅವನ ಮನೆಗೆ ಬಂದಳು. ಕಣ್ಣು ಊದಿತ್ತು. ಪರವಾಗಿಲ್ಲ ಎನ್ನಲಿಲ್ಲ. ಅವನೂ ಅದನ್ನು ಬಯಸಲಿಲ್ಲ.

"ಹೊಸ ಕಿಂಡಿ ಕೊರೀತೀರಾ? ನಡುಮಧ್ಯ, ಯಾರೂ ಮೀನು ಹಿಡಿಯದ ಕಡೆ" ಎಂದಳು.

ಮರುದಿನ ಬೆಳಿಗ್ಗೆ ಮೂರು ಕಡೆ ಕೊರೆದ, ಒಂದಕ್ಕೊಂದು ಸಾವಿರ ಹೆಜ್ಜೆ ದೂರ. ಸೊಂಟ ಹರಿದು ಹೋಗುವಂತಿತ್ತು. ನೀರು ತಂದು, ಅವನ ಮನೆಯ ಪಕ್ಕದ ಶೆಡ್ಡಿನಲ್ಲಿ ಇಬ್ಬರೂ ಸರದಿಯ ಮೇಲೆ ಪಂಪು ಒತ್ತಿದರು. ಮುಕ್ಕಾಲು ಗಂಟೆಯಾದ ಮೇಲೆ ಕಾರಿನ್ ಚಿಮಟದಿಂದ ಮೊದಲ ಕಾಗದ ಎತ್ತಿದಳು. ಬಿಳಿ. ಎರಡನೆಯದು ಬಿಳಿ. ಮೂರನೆಯದೂ ಬಿಳಿಯೇ. ಸರೋವರ ಐದು ವರ್ಷದ ಹಿಂದೆ ಹೇಗಿತ್ತೋ ಹಾಗೆಯೇ ಇತ್ತು. ಕಾರಿನ್ನಳ ಏರುವ ಗೆರೆ ಆ ಮೂರು ಕಾಗದದಲ್ಲಿ ಮುಗಿದುಹೋಯಿತು.

"ನಿಮಗೊಂದು ಮಾತು ಹೇಳ್ಬೇಕು," ಎಂದಳು ಅವಳು ಚಿಮಟ ಕೆಳಗಿಟ್ಟು. "ಹಸಿರು ಬಂದಾಗ ನಂಗೂ ಖುಷಿಯಾಗಿತ್ತು. ಇನ್ನೊಂದು ಕಡೆ ಕೊರೆದು ನೋಡಿ ಅಂತ ಒಂದು ಸಲ ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ. ಹೇಳಿದ್ರೆ ಎಲ್ಲಿ ಬಿಳಿ ಬರುತ್ತೋ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬಾಟಲಿ ತೊಳೆದರು.

ನೀರಿನ ವರದಿ ಬಂತು. ಗಡ್ಡೆ ಕುಡಿಯಲು ಯೋಗ್ಯವಾಗಿಯೇ ಇತ್ತು, ಹಿಂದೆಯೂ ಇತ್ತು. ಉತ್ತಾಕ್ ಅದೇ ದಿನ ಅತ್ತೆಯ ಹಲಗೆ ತುಂಬಿಸಿದ. ಅವಳು ಮೂರು ಲೋಟ ಕುಡಿದು ತೇಗಿದಳು. ಊರಿನವರು ಕೆಲವು ದಿನ ಅವನನ್ನು ಕಂಡಾಗಲೆಲ್ಲ ಹುಬ್ಬು ಕುಣಿಸಿ ಛೇಡಿಸಿದರು, ಆಮೇಲೆ ಅದೂ ಹಳತಾಯಿತು. ಕಾರಿನ್ ಬರೆದದ್ದನ್ನು ಹಿಂದಕ್ಕೆ ಪಡೆದಳು ಎಂದು ಕೇಳಿದೆವು. ಮುಂದಿನ ವಸಂತಕ್ಕೆ ಬಾಟಲಿಗಳ ಪೆಟ್ಟಿಗೆ ಮತ್ತೆ ಅವನ ಹೆಸರಿಗೇ ಬಂತು. ಒಳಗೊಂದು ಚೀಟಿಯಿತ್ತು. ಇನ್ನು ಮುಂದೆ ತಾಸಿಯಾಲೂಕಿನ ಯಾವ ಮೂಲೆಯಲ್ಲೂ ಕರುಳು ಹಾಕದಿರಲು ಸಾಧ್ಯವೇ, ದಯವಿಟ್ಟು.

ಅವನು ಒಪ್ಪಿಕೊಂಡ. ನೀರು ತೆಗೆಯುವ ಜಾಗದಿಂದ ಅರ್ಧ ದಿನದ ದೂರದ ಇನ್ನೊಂದು ದಂಡೆಯಲ್ಲಿ ಬೇರೆ ಕಿಂಡಿ ಕೊರೆದು ಗಾಳ ಹಾಕಿದ. ಆ ವರ್ಷದ ಮೊದಲ ಮೀನು ಬಂತು, ಒಳ್ಳೆಯ ದಪ್ಪ ಮೀನು. ಸೀಳಿದ. ಕರುಳು ಅಂಗೈಗೆ ಬಂದದ್ದೇ ಕೈ ತಾನಾಗಿ ಕಿಂಡಿಯತ್ತ ಹೋಯಿತು. ತಡೆದುಕೊಂಡ. ನೀರು ಕಿಂಡಿಯ ಅಂಚಿಗೆ ಬಂದು ಮೆಲ್ಲಗೆ ಅಲುಗುತ್ತಿತ್ತು. ಕೈಯಲ್ಲಿದ್ದದ್ದು ಹೆಪ್ಪುಗಟ್ಟತೊಡಗಿತು. ಊರಿನ ಮುಂದೆ ಪಟ್ಟ ನಾಚಿಕೆ ಮುಗಿದಿತ್ತು, ಕಾರಿನ್ನಳ ಮುಂದೆ ಪಟ್ಟದ್ದೂ ಹೆಚ್ಚುಕಡಿಮೆ ಮುಗಿದಿತ್ತು. ಇದು ಬೇರೆ. ಐವತ್ತೈದು ವರ್ಷ ಕೊಟ್ಟು, ಇವತ್ತು ಹಸಿದವರ ಎದುರಿಗೇ ಮುಷ್ಟಿ ಬಿಗಿದುಕೊಂಡು ನಿಂತಿದ್ದೇನೆ ಎನ್ನಿಸಿತು. ಆ ಚಿಕ್ಕೋರ ಮುಂದೆ, ಆ ನೀರಿನ ಮುಂದೆ, ಅವನಿಗೆ ತಲೆ ಎತ್ತಲಾಗಲಿಲ್ಲ.

ಪ್ಲಾಸ್ಟಿಕ್ ಚೀಲಕ್ಕೆ ಕರುಳು ಹಾಕಿ, ಬಾಯಿಗೆ ಎರಡು ಗಂಟು ಬಿಗಿದು, ಸರೋವರಕ್ಕೆ ಬೆನ್ನು ಮಾಡಿ ಅದನ್ನು ಜಾರುಬಂಡಿಯ ಮೇಲೆ ಹಾಸಿದ ಚರ್ಮದಡಿ ಬಚ್ಚಿಟ್ಟು ಮನೆಗೆ ಹೊರಟ.